ಪೇಟಿಯ ಹಲಗೆಯ ಮೇಲೊಂದು ಕಾಲು

ನಾಟಕದ ಮಾಸ್ತರಿಕೆ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ರಾಗದ ಮಾತಲ್ಲ, ಗಂಟಲಿನ ಮಾತು. ಗಂಟಲು ಕಾಯ್ದುಕೊಳ್ಳಿರಿ. ಕಬ್ಬಿನ ಹಂಗಾಮು ಮುಗಿದು ಊರಿನವರಿಗೆ ಪುರಸೊತ್ತು ಸಿಕ್ಕಿತೆಂದರೆ ಮಾಸ್ತರನಿಗೆ ಕರೆ ಬರುತ್ತದೆ. ಹಗಲೆಲ್ಲ ಹೊಲದಲ್ಲಿ, ಫ್ಯಾಕ್ಟರಿಯಲ್ಲಿ ದುಡಿದು ಬಂದವರನ್ನು ಶಾಲೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ನಾಯಕನ ಮಾತು, ಖಳನ ಮಾತು, ಸಾವುಕಾರನ ಮಾತು ಎಲ್ಲವನ್ನೂ ಒದರಿ ಒದರಿ ಬಾಯಿಪಾಠ ಮಾಡಿಸಬೇಕು. ನಾಟಕದ ದಿನ ಬರುವಷ್ಟರಲ್ಲಿ ಅವರ ಗಂಟಲು ತೆರೆದಿರುತ್ತದೆ, ನಮ್ಮದು ಕೂತಿರುತ್ತದೆ. ನನ್ನದಂತೂ ಒಂದು ವರ್ಷವೂ ತಪ್ಪದೆ ಕೂತಿತು. ಹಾಗೆ ಕೂತ ಗಂಟಲಿನಿಂದಲೇ ನನಗೆ ನನ್ನ ಕಸುಬಿನ ಅತಿ ದೊಡ್ಡ ಸಂಗತಿ ಗೊತ್ತಾಯಿತು. ಅದನ್ನು ಬರೆಯೋಣವೆಂದು ಕೂತಿದ್ದೇನೆ. ಆದರೆ ಅದರ ನಡುವೆ ಇರುವ ಇಂದುಬಾಯಿ ಎಂಬ ನಟಿಯ ವಿಷಯಕ್ಕೆ ಬಂದರೆ ನನ್ನ ತಲೆ ಇವತ್ತಿಗೂ ನೆಟ್ಟಗೆ ಓಡುವುದಿಲ್ಲ. ಗೊಂದಲ ಇದ್ದ ಹಾಗೆಯೇ ಬರೆಯುತ್ತೇನೆ, ನೀವೇ ಬಿಡಿಸಿಕೊಳ್ಳಿರಿ.

ನಾನು ಪೇಟಿ ಮಾಸ್ತರ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ನನ್ನದು ಕಾಲಪೇಟಿ. ಮೇಜಿನಷ್ಟು ಎತ್ತರ, ಕೆಳಗೆ ಕಾಲಿನಿಂದ ತುಳಿದು ಗಾಳಿ ತುಂಬಬೇಕು, ಮೇಲೆ ಎರಡೂ ಕೈಯಿಂದ ಬಾರಿಸಬೇಕು. ಅದನ್ನು ಒಂದು ಉದ್ದನೆಯ ತೇಗದ ಹಲಗೆಯ ಮೇಲೆ ನಿಲ್ಲಿಸಿ ರಂಗದ ಎಡ ಅಂಚಿನಲ್ಲಿ ಕೂತೆನೆಂದರೆ ನಾಟಕ ಮುಗಿಯುವ ತನಕ ಏಳುವಂತಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಸೀಮೆಯೊಳಗೆ ನನ್ನ ಪೇಟಿ ಇಳಿಯದ ಊರು ಕಡಿಮೆ. ನನ್ನ ಜೊತೆ ತಬಲಾಕ್ಕೆ ಹುಸೇನಸಾಬ. ಆತ ಮಾತಿನ ಮಲ್ಲ, ನಾನು ಮೂಕ. ಆ ಮೂಕತನ ನನ್ನ ಗುರುಗಳು ಹಾಕಿಕೊಟ್ಟದ್ದು.

ಗುರುಗಳನ್ನು ನಾವು ದೊಡ್ಡ ಮಾಸ್ತರು ಎನ್ನುತ್ತಿದ್ದೆವು. ಬೈಗುಳದಲ್ಲಿ ಧಾರಾಳ, ಹೊಗಳಿಕೆಯಲ್ಲಿ ಜಿಪುಣ. ಒಮ್ಮೆ ತಾಲೀಮಿನಲ್ಲಿ ಒಬ್ಬರ ಹಾಡಿಗೆ ನಾನು ಮೈಮರೆತು "ವ್ಹಾ!" ಎಂದುಬಿಟ್ಟೆ. ಅಲ್ಲಿಯೇ ತಲೆಯ ಮೇಲೊಂದು ಬಿತ್ತು. "ಪೇಟಿಯವಗ ಕೈ ಬೇಕು, ಕಾಲ ಬೇಕು, ಬಾಯಿ ಬ್ಯಾಡ. ಹಾಡವರನ್ನ ನೀ ಹೊಗಳಿದರ ಮಂದಿ ಯಾಕ ಹೊಗಳಬೇಕಲೇ?" ಎಂದರು. ಅದು ಸರಿಯೋ ತಪ್ಪೋ ವಿಚಾರ ಮಾಡುವ ವಯಸ್ಸಲ್ಲ. ಅಂದಿನಿಂದ ಯಾರ ಹಾಡಿಗೂ ಚೆನ್ನಾಗಿತ್ತು ಎಂದು ನಾನು ಬಾಯಿ ಬಿಡಲಿಲ್ಲ. ಇಂದುಬಾಯಿಯ ಹಾಡಿಗೂ ಬಿಡಲಿಲ್ಲ.

ಇಂದುಬಾಯಿ ಯಾರೆಂದು ಈಗಿನವರಿಗೆ ಹೇಳಬೇಕು. ನಮ್ಮ ಊರ ನಾಟಕಗಳಲ್ಲಿ ಗಂಡು ಪಾತ್ರಕ್ಕೆ ಊರಿನವರೇ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸುವುದು ವಾಡಿಕೆ. ನಟಿ ಹಿಂದಿನ ದಿನ ಬರುತ್ತಾಳೆ, ಒಂದು ತಾಲೀಮು ಮಾಡುತ್ತಾಳೆ, ಮೊದಲ ಸಲ ಮುಖ ನೋಡಿದ ಗಂಡನ ಜೊತೆ ಮರುದಿನ ಸಂಸಾರ ಮಾಡುತ್ತಾಳೆ. ಹೀಗೆ ಬರುವವರಲ್ಲಿ ಇಂದುಬಾಯಿಯೇ ಎಲ್ಲರಿಗಿಂತ ದೊಡ್ಡ ಹೆಸರು. ಹುಡುಗಿಯಾಗಿದ್ದಾಗ ಒಂದು ನಾಟಕ ಕಂಪನಿಯಲ್ಲಿ ಬಾಲಕೃಷ್ಣನ ಪಾತ್ರ, ಮುಂದೆ ನಾಯಕಿ, ಕಂಪನಿ ಮುಳುಗಿದ ಮೇಲೆ ಕ್ಯಾಸೆಟ್ಟು. ಕ್ಯಾಸೆಟ್ಟು ಬಂದ ಮೇಲೆ ಕೇಳುವುದೇ ಬೇಡ, ಕಬ್ಬು ಹೇರಿದ ಒಂದೊಂದು ಟ್ರ್ಯಾಕ್ಟರಿನಲ್ಲೂ ಆಕೆಯದೇ ದನಿ. ಆಮೇಲೆ ಸಿಡಿ ಬಂದು ದನಿಯ ಜೊತೆ ಮುಖವೂ ಮನೆಮನೆಗೆ ಹೋಯಿತು. ಇತ್ತ ಕನ್ನಡ, ಅತ್ತ ಮರಾಠಿ, ಎರಡರಲ್ಲೂ ನೀರು ಕುಡಿದಷ್ಟು ಸಲೀಸು.

ಆಕೆಯ ಊರು ಯಾವುದು? ಗೊತ್ತಿಲ್ಲ. ಬೇಡಕಿಹಾಳದವರು ತಮ್ಮ ಊರಿನ ಮಗಳೆಂದರು. ಅಥಣಿ ಕಡೆಯವರು ತಮ್ಮ ಮೊಮ್ಮಗಳೆಂದರು. ನಿಪ್ಪಾಣಿಯಲ್ಲಿ ಯಾರಾದರೂ ಕೇಳಿದರೆ ಆಕೆ "ಮೀ ತುಮಚೀಚ ಪೋರಗಿ," ನಿಮ್ಮದೇ ಹುಡುಗಿ ನಾನು, ಎಂದು ನಕ್ಕುಬಿಡುತ್ತಿದ್ದರು. ನಾನೂ ಒಮ್ಮೆ ಕೇಳಿದೆ. "ಎಲ್ಲಿ ಪರದೆ ಕಟ್ಟತಾರಲಾ ಮಾಸ್ತರ, ಅದ ನನ್ನ ಊರು" ಎಂದರು. ಅದು ಉತ್ತರವೋ ತಪ್ಪಿಸಿಕೊಳ್ಳುವ ಉಪಾಯವೋ ನನಗೆ ತಿಳಿಯಲಿಲ್ಲ.

ಆಕೆಗೆ ಹೆಸರು ತಂದದ್ದು ತೊಟ್ಟಿಲ ಹಾಡು. ಗಂಡ ಕೊಲೆಯಾಗಿ ಬಿದ್ದಿದ್ದಾನೆ. ಹೆಂಡತಿ ಹೆಣದ ಪಕ್ಕದಲ್ಲಿ ತೊಟ್ಟಿಲು ತೂಗುತ್ತ, ನಿನ್ನಪ್ಪ ಈಗ ಬರುತ್ತಾನೆ ಮಲಗು ಎಂದು ಕೂಸಿಗೆ ಹಾಡುತ್ತಾಳೆ. ಹಾಡು ಮುಗಿದರೆ ಜನ "ಒನ್ಸ್ ಮೋರ್" ಎಂದು ಕೂಗುವುದು, ಆಕೆ ಮತ್ತೊಮ್ಮೆ ಹಾಡುವುದು, ಇದು ಪದ್ಧತಿ. ಕಥೆ ನಿಂತರೆ ನಿಲ್ಲಲಿ. ತೆಲಸಂಗದಲ್ಲಿ ಒಮ್ಮೆ ಏನಾಯಿತೆಂದರೆ, ಹಾಡು ಮುಗಿದು ಜನ ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಯಾರೂ ಕೂಗಿಲ್ಲ. ಅಷ್ಟರಲ್ಲಿ ಸತ್ತು ಬಿದ್ದಿದ್ದ ಗಂಡನೇ ಮೊಣಕೈಯೂರಿ ಎದ್ದು "ಒನ್ಸ್ ಮೋರ್!" ಎಂದ. ಮಂದಿ ಬಿದ್ದು ಬಿದ್ದು ನಕ್ಕರು. ಇಂದುಬಾಯಿ ನಗಲಿಲ್ಲ. ಆತನ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಮಲಗಿಸಿ, ಮತ್ತೆ ಹಾಡಿ, ನಗುತ್ತಿದ್ದವರನ್ನೇ ಮತ್ತೆ ಅಳಿಸಿದರು. ನಾಟಕ ಮುಗಿದ ಮೇಲೆ ಆತನನ್ನು ಹಿಡಿದು ಕೇಳಿದೆ: "ಸತ್ತಾವ ಮಾತಾಡ್ತಾನೇನಲೇ?"

"ಸತ್ತಾವಗ ಜೀವ ಬರೂ ಹಂಗ ಹಾಡಿದರ ನಾ ಏನ ಮಾಡ್ಲಿರಿ ಮಾಸ್ತರ?" ಎಂದ. ಇದಕ್ಕೆ ಏನು ಬೈಯುವುದು?

ಅದು ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಮುಂದೆ ಕೆಲವು ವರ್ಷಕ್ಕೆ ಇಂದುಬಾಯಿ ಬದಲಾಗತೊಡಗಿದರು. ಮೊದಲ ಜಗಳ ಅಥಣಿ ಕಡೆಯ ಒಂದು ಊರಲ್ಲಿ ಮೀಸೆಯ ಸಲುವಾಗಿ ಆಯಿತು. ನಾಯಕನ ಪಾತ್ರದವನು ಹಳೆಯ ಪೈಲವಾನ, ಹುರಿ ಮೀಸೆಯವನು. ತಾಲೀಮಿನಲ್ಲಿ ಇಂದುಬಾಯಿ ಅವನನ್ನು ನೋಡಿದವರೇ "ಈ ಮೀಸಿ ಕತ್ತರಸ್ರಿ. ತುಟಿ ಕಾಣಬೇಕು" ಎಂದರು.

"ಮೀಸಿ ಇಲ್ಲದ ನಾಯಕ ಎಂಥಾವರಿ ಬಾಯಾರ? ನಾಟಕ ಬಿಟ್ಟೇನು, ಮೀಸಿ ಬಿಡೂದಿಲ್ಲ" ಎಂದು ಆತ ಎದ್ದು ನಿಂತ.

ನಾನು, ಹುಸೇನಸಾಬ ನಡುವೆ ಬಿದ್ದು, ತುಟಿಯ ಮೇಲೆ ಇಳಿಬಿದ್ದಿದ್ದ ಕೂದಲನ್ನಷ್ಟೇ ಕತ್ತರಿಸಿ, ತುದಿ ಹಾಗೆಯೇ ಉಳಿಸಿ ಒಪ್ಪಂದ ಮಾಡಿಸಿದೆವು. ಮೀಸೆಗೂ ಅಭಿನಯಕ್ಕೂ ಏನು ಸಂಬಂಧ? ಅದು ಸಾಲದೆಂಬಂತೆ, ಊರಿನ ನಟರು ಮೈಕಿನ ಕಡೆ ಮುಖ ಮಾಡಿ ಮಾತಾಡಿದರೆ ಆಕೆಗೆ ಸಿಟ್ಟು. "ಮೈಕ ನಿಮ್ಮ ಹೇಣ್ತೇನ್ರಿ? ನನ್ನ ಮಾರಿ ನೋಡಿ ಮಾತಾಡ್ರಿ" ಎನ್ನುವರು. ಪಾಪ, ಮೈಕು ಬಿಟ್ಟರೆ ಹಿಂದೆ ಕೂತವರಿಗೆ ಮಾತು ಮುಟ್ಟುವುದಿಲ್ಲ. ಆದರೆ ಹಾಗೆ ಮುಖ ನೋಡಿಕೊಂಡು ಮಾತಾಡಿದ ನಾಟಕಗಳನ್ನು ಜನ, ನಿಜವಾದ ಗಂಡ ಹೆಂಡತಿಯ ಹಾಗೆಯೇ ಮಾಡಿದರು ಎಂದು ಹೊಗಳಿದರು. ಹಾಗಾದರೆ ಆಕೆಯದೇ ಸರಿಯೇ? ನನ್ನ ತಲೆ ಕೆಟ್ಟಿತು.

ನನಗೆ ನೋವಾದದ್ದು ಬೇರೆ. ಇಂದುಬಾಯಿ ಮೊದಲೆಲ್ಲ ಪೇಟಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡೇ ರಂಗಕ್ಕೆ ಹೋಗುತ್ತಿದ್ದವರು. ಈಗಲೂ ಕೈ ಮುಗಿಯುತ್ತಿದ್ದರು. ಆದರೆ ಹಾಡು ಬಂತೆಂದರೆ ನನ್ನ ಪಕ್ಕಕ್ಕೆ ಸರಿದು, ಚಪ್ಪಲಿಯಿಲ್ಲದ ಬಲಗಾಲನ್ನು ಪೇಟಿಯ ಹಲಗೆಯ ಮೇಲೆ ಇಟ್ಟುಬಿಡುವರು. ಮುಂದಿನಿಂದ ನೋಡಿದವರಿಗೆ ಅದೊಂದು ನಿಲುವು. ನನಗೆ ಮಾತ್ರ ಕಾಲು. ವಾದ್ಯ ನಿಂತ ಹಲಗೆಗೆ ಕಾಲಿಡುವುದೆಂದರೇನು? ದೊಡ್ಡ ಮಾಸ್ತರು ಇದ್ದಿದ್ದರೆ ಪೇಟಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ನಾನು ಹುಸೇನಸಾಬನ ಮುಂದೆ ಹೇಳಿಕೊಂಡೆ.

"ಸಿಡಿಯೊಳಗ ಮಾರಿ ಬಂತಲಾ, ಸೊಕ್ಕು ಬಂದೈತಿ" ಎಂದ ಆತ.

ನಾನು ಹೂಂ ಎಂದೆ. ಆದರೆ ಸೊಕ್ಕಿನವರು ನಮ್ಮ ತಾಟಿಗೆ ತಾವೇ ಬಡಿಸುತ್ತಾರೆಯೇ? ನನ್ನ ಕೂತ ಗಂಟಲಿಗೆ ಜ್ಯೇಷ್ಠಮಧು ತಂದು ಕೊಡುತ್ತಾರೆಯೇ? ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿ ಸೋತೆ.

ಶಿರಗುಪ್ಪಿಯ ರಸ್ತೆಯಲ್ಲಿ ನಡೆದದ್ದಂತೂ ಇನ್ನೂ ವಿಚಿತ್ರ. ನಮ್ಮ ಜೀಪಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಪಕ್ಕದ ಟ್ರ್ಯಾಕ್ಟರಿನಲ್ಲಿ ಡಬ್ಬಿಯಂಥ ಸ್ಪೀಕರು, ಅದರಲ್ಲಿ ಇಂದುಬಾಯಿಯದೇ ತೊಟ್ಟಿಲ ಹಾಡು. ಡ್ರೈವರ್ ಆಕೆಯನ್ನು ಗುರುತು ಹಿಡಿದ. ಹಿಗ್ಗಿಹೋಗಿ ದನಿ ಇನ್ನಷ್ಟು ಏರಿಸಿ, ಆಕೆಯ ಕಡೆ ನೋಡಿ ಕೈ ಮುಗಿದು ನಗತೊಡಗಿದ. ಜೀಪಿನ ತಗಡು ಕೂಡ ನಡುಗುತ್ತಿತ್ತು. ಇಂದುಬಾಯಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ಆ ಮನಶ್ಯಾ ಯಾಕ ನಮ್ಮ ಕಡೆ ನೋಡಿ ಹಲ್ಲ ಕಿಸ್ಯಾಕತ್ತಾನ್ರಿ?" ಎಂದರು.

ನಾನು ಆಕೆಯ ಮುಖವನ್ನೇ ನೋಡಿದೆ. ತನ್ನ ಹಾಡನ್ನು ತಾನೇ ಕೇಳಿಯೂ ಕೇಳದ ಹಾಗೆ ಮಾಡುವುದೆಂದರೆ, ಇದೆಂಥ ಬಿಂಕ? ಹುಸೇನಸಾಬ ನನಗೆ ಕಣ್ಣು ಹೊಡೆದ. ನೋಡಿದಿರಾ, ನಾ ಹೇಳಿರಲಿಲ್ಲವೇ ಎಂಬಂತೆ.

ಇದೆಲ್ಲ ಒಂದು ದಿನ ಕಾಗವಾಡ ಕಡೆಯ ಊರೊಂದರಲ್ಲಿ ಸ್ಫೋಟವಾಯಿತು. ತೊಟ್ಟಿಲ ಹಾಡು ಮುಗಿಯಿತು. ಮಂದಿ "ಒನ್ಸ್ ಮೋರ್" ಎಂದು ಕೂಗಿದರು. ಇಂದುಬಾಯಿ ಒಳಗೆ ಹೋದರು. ಇನ್ನೂ ಜೋರಾಗಿ ಕೂಗಿದರು, ಆಕೆ ಬರಲಿಲ್ಲ. ಹಿಂದಿನ ಎರಡು ಮೂರು ಊರಲ್ಲೂ ಹೀಗೆಯೇ ಆಗಿ ಸುದ್ದಿ ಹರಡಿತ್ತು. ಈ ಊರಿನವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿದ್ದರು. "ನಮ್ಮ ಊರ ಮಂದಿ ಮಂದಿ ಅಲ್ಲೇನು?" ಎಂದು ಒಬ್ಬ ಕುರ್ಚಿ ಎತ್ತಿ ರಂಗಕ್ಕೆ ಒಗೆದ. ನಾಟಕದ ಕಮಿಟಿಯವನು ನನ್ನ ಹತ್ತಿರ ಓಡಿ ಬಂದು, "ಮಾಸ್ತರ, ಆಕಿ ಹೊರಗ ಬರಬೇಕು. ಇಲ್ಲಂದ್ರ ಇನ್ನ ಈ ಸೀಮಿಯೊಳಗ ಯಾರೂ ಆಕಿನ್ನ ಕರಸೂದಿಲ್ಲ, ನೋಡ್ರಿ" ಎಂದ. ಬರಿಯ ಬೆದರಿಕೆಯಲ್ಲ ಅದು. ನಾಲ್ಕು ಊರು ಬಿಟ್ಟರೆ ನಲವತ್ತು ಊರು ಬಿಡುತ್ತವೆ, ನಮ್ಮ ಕಸುಬಿನ ಗತಿಯೇ ಹಾಗೆ.

ನಾನು, ಹುಸೇನಸಾಬ ಬಣ್ಣದ ಕೋಣೆಗೆ ಓಡಿದೆವು. ಇಂದುಬಾಯಿ ಕನ್ನಡಿಯ ಮುಂದೆ ಕೂತು ಬಳೆ ಸರಿಮಾಡಿಕೊಳ್ಳುತ್ತಿದ್ದರು. ಅವಸರದಲ್ಲಿ ಹುಸೇನಸಾಬನ ಕಾಲು ತಾಗಿ, ಬಾಗಿಲಲ್ಲಿದ್ದ ತಗಡಿನ ಟ್ರಂಕು ಕುರ್ಚಿಯ ಮೇಲಿನಿಂದ ಧಡಾರನೆ ಬಿತ್ತು. ಹೊರಗಿನವರೂ ಬೆಚ್ಚಿರಬೇಕು. ಇಂದುಬಾಯಿಯ ಬೆನ್ನು ಅಲುಗಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ಕಂಡ ಮೇಲಷ್ಟೇ "ಏನ್ರಿ ಮಾಸ್ತರ?" ಎಂದರು.

"ಬಾಯಾರ, ಹೊರಗ ಮಂದಿ ಎದ್ದೈತಿ. ಮತ್ತೊಮ್ಮೆ ಹಾಡಬೇಕಂತ" ಎಂದೆ. ಎಂದೆ ಅಂದುಕೊಂಡೆ, ಅಷ್ಟೇ. ತಾಲೀಮಿನಲ್ಲಿ ಕೂತುಹೋಗಿದ್ದ ಗಂಟಲಿನಿಂದ ಗಾಳಿ ಕೂಡ ಹೊರಡಲಿಲ್ಲ. ತುಟಿ ಮಾತ್ರ ಆಡಿದವು.

"ಏನಂದ್ರಿ ಮಾಸ್ತರ? ಒಂದ ಅಕ್ಷರ ಕೇಳಸ್ಲಿಲ್ಲ" ಎಂದ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಹುಸೇನಸಾಬ.

"ಮತ್ತೊಮ್ಮೆ ಅಂದ್ರ? ಒನ್ಸ್ ಮೋರ್ ಅಂದ್ರೇನು ಮಂದಿ?" ಎಂದು ಇಂದುಬಾಯಿ ಗಾಬರಿಯಿಂದ ಎದ್ದರು.

ಟ್ರಂಕು ಬಿದ್ದದ್ದು ಕೇಳಿಸದವರಿಗೆ ನನ್ನ ಇಲ್ಲದ ದನಿ ಕೇಳಿಸಿತ್ತು. ಮೀಸೆ, ಮಾರಿ, ಟ್ರ್ಯಾಕ್ಟರು, ಹಲಗೆಯ ಮೇಲಿನ ಕಾಲು ಎಲ್ಲ ಒಮ್ಮೆಗೇ ಕಣ್ಣಿನ ಮುಂದೆ ಬಂದವು. ನಾನು ನನ್ನ ಕಿವಿ ಮುಟ್ಟಿ ಆಕೆಯ ಕಡೆ ನೋಡಿದೆ. ಆಕೆ ನೋಟ ತಪ್ಪಿಸಲಿಲ್ಲ. "ಹೌದ್ರಿ" ಎಂದರು. ಆಮೇಲೆ ರಂಗಕ್ಕೆ ಹೋಗಿ, ಒಗೆದ ಕುರ್ಚಿಯನ್ನು ತಾವೇ ಎತ್ತಿ ನೆಟ್ಟಗೆ ಇಟ್ಟು, ನಾನು ಪೇಟಿಗೆ ಕೂತ ಮೇಲೆ ಹಲಗೆಗೆ ಕಾಲಿಟ್ಟು ಹಾಡಿದರು. ಗದ್ದಲ ಅಡಗಿತು.

ಮರುದಿನ ಚಹಾದ ಅಂಗಡಿಯಲ್ಲಿ ಕೂತಾಗ ಎಲ್ಲ ಹೇಳಿದರು. ವರ್ಷಗಳಿಂದ ಕಿವಿ ಇಳಿಯುತ್ತ ಬಂದಿತ್ತು, ಈಗ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ನಾಟಕಗಳೆಲ್ಲ ಬಾಯಿಪಾಠ, ಎದುರಿನವರ ತುಟಿ ನೋಡಿದರೆ ಸಾಕು. ಹಾಡಿಗೆ ಮಾತ್ರ ಪೇಟಿ ಬೇಕು. ಹಲಗೆಯ ಮೇಲೆ ಕಾಲಿಟ್ಟರೆ ಸ್ವರ ಎಲುಬಿನೊಳಗಿಂದ ಏರಿ ಬರುತ್ತದಂತೆ. "ನಿಮ್ಮ ಪೇಟಿಗೆ ಕಾಲ ಹಚ್ಚೀನಿ, ತಪ್ಪ ತಿಳೀಬ್ಯಾಡ್ರಿ. ನನ್ನ ಕಿವಿ ಈಗ ಅಲ್ಲೇ ಐತಿ" ಎಂದರು. ಇಷ್ಟು ದಿನ ನಾನು ಸಿಟ್ಟಾಗಿದ್ದು ಯಾವುದಕ್ಕೆ?

"ಮಂದಿಗಿ ಹೇಳಿಬಿಡೂಣಲ್ರಿ? ತಿಳಕೋತಾರ" ಎಂದ ಹುಸೇನಸಾಬ, ಈಗ ಆಕೆಯ ಎದುರಿಗೆ ಸರಿದು ಕೂತು.

"ಬ್ಯಾಡ್ರಿ. ಕಿವುಡಿ ಹಾಡ್ತಾಳ ಅಂದ್ರ ಮಂದಿ ಹಾಡ ಕೇಳಾಕ ಬರೂದಿಲ್ಲ, ಕಿವುಡಿನ್ನ ನೋಡಾಕ ಬರ್ತಾರ. ನಾ ಬಣ್ಣ ಹಚ್ಚೂದ ಬಿಟ್ಟ ಮ್ಯಾಲ ಬೇಕಾದ್ರ ಡಂಗುರಾ ಹೊಡೀರಿ." ಆಕೆ ಬಣ್ಣ ಬಿಟ್ಟು ವರ್ಷಗಳಾದವು, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಉಳಿದದ್ದು ಒನ್ಸ್ ಮೋರಿನ ತೊಂದರೆ. ಲೈಟು ಕಣ್ಣಿಗೆ ಹೊಡೆದರೆ ಎದುರಿನ ಮಂದಿ ಕಾಣುವುದಿಲ್ಲ, ಬರೀ ಕತ್ತಲೆ. ಅವರ ತುಟಿ ಓದುವುದೆಲ್ಲಿ? ಮೂವರೂ ಕೂತು ಒಂದು ಗುರುತು ಮಾಡಿಕೊಂಡೆವು. ಮಂದಿ ಕೂಗಿದರೆ ನಾನು ಪೇಟಿಯ ಅತಿ ಕೆಳಗಿನ ಸಾ ಸ್ವರವನ್ನು ಗಾಳಿ ತುಂಬಿ ಎರಡು ಸಲ ಒತ್ತಬೇಕು. ಹಲಗೆ ಗುಂಯ್ ಎನ್ನುತ್ತದೆ. ಕಾಲಿಗೆ ತಿಳಿಯುತ್ತದೆ.

ಅದು ಕೆಲಸ ಮಾಡಿತು. ಇಂದುಬಾಯಿಯ ಸೊಕ್ಕು ಇಳಿಯಿತೆಂದು ಜನ ಖುಷಿಯಾದರು, ಮತ್ತೆ ಊರೂರಿನಿಂದ ಕರೆ ಬಂತು. ಆದರೆ ನನಗೆ ಬೇರೊಂದು ಗೊಂದಲ ಶುರುವಾಯಿತು. ಒಬ್ಬಿಬ್ಬರು ಕೂಗಿದರೆ ಒತ್ತಬೇಕೋ ಬೇಡವೋ? ಆಕೆಗೆ ದಣಿವಾದ ದಿನ ಮಂದಿ ಕೂಗಿದರೆ? ಸಾವಿರ ಜನರ ಬಾಯಿ ನನ್ನ ಒಂದು ಬೆರಳಿಗೆ ಬಂದು ಕೂತಿತ್ತು. ಬಾಯಿ ಬೇಡವೆಂದಿದ್ದ ದೊಡ್ಡ ಮಾಸ್ತರು ಇದಕ್ಕೇನು ಹೇಳುತ್ತಿದ್ದರೋ.

ಮುಂದೆ ಕ್ಯಾಸಿಯೊ ಬಂತು. ಒಬ್ಬನೇ ಹೊತ್ತುಕೊಂಡು ಹೋಗಬಹುದಾದ ಹಗುರ ವಾದ್ಯ. ಒತ್ತಿದರೆ ಕೊಳಲೂ ಬರುತ್ತದೆ, ಡೋಲೂ ಬರುತ್ತದೆ. ಹೊಸ ಹುಡುಗರೇ, ಅದನ್ನು ಕಲಿಯಿರಿ, ಬೇಡವೆನ್ನುವುದಿಲ್ಲ. ನಾನೂ ಕಲಿತೆ. ಆದರೆ ಅದರ ಸ್ವರ ವೈರಿನಲ್ಲಿ ಓಡಿ ಸ್ಪೀಕರಿನಲ್ಲಿ ಹೊರಬೀಳುತ್ತದೆ, ಕೆಳಗಿನ ಹಲಗೆಗೆ ಅದರ ಸುದ್ದಿಯೇ ಇಲ್ಲ. ಇಂದುಬಾಯಿ "ಕಾಲಪೇಟಿ ಇಲ್ಲಂದ್ರ ನಾ ಬರೂದಿಲ್ಲ" ಎಂದರು. ಕಮಿಟಿಯ ತರುಣರಿಗೆ ಇದು ಮುದುಕಿಯ ಹಟ. ಒಂದೊಂದೇ ಊರು ಕೈಬಿಟ್ಟಿತು. ಕಾರಣ ಗೊತ್ತಿದ್ದ ನಾವಿಬ್ಬರೂ ಬಾಯಿ ಹೊಲಿದುಕೊಂಡು ಕೂತೆವು.

ಕೊನೆಯ ನಾಟಕ ರಾಯಬಾಗ ತಾಲೂಕಿನ ಒಂದು ಸಣ್ಣ ಊರಲ್ಲಿ. ಎಲ್ಲರ ಕೈಯಲ್ಲೂ ಮೊಬೈಲು ಬಂದಿದ್ದ ಕಾಲ. ಅಂಕಕ್ಕೊಮ್ಮೆ ನಾಟಕ ನಿಲ್ಲಿಸಿ ನಟರಿಗೆ ಆಯೇರಿ ಎಂದು ಉಡುಗೊರೆ ಕೊಡುವುದು, ಟಾವೆಲು ಹೊದಿಸುವುದು, ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುವುದು, ಇದರಲ್ಲಿಯೇ ಹೊತ್ತು ಹೋಗಿ, ತೊಟ್ಟಿಲ ಹಾಡಿಗೆ ಬರುವಷ್ಟರಲ್ಲಿ ಸೂರ್ಯ ಮೂಡಿಬಿಟ್ಟಿದ್ದ. ಹಾಲು ಹಿಂಡಿ ಡೇರಿಗೆ ಹಾಕುವವರೆಲ್ಲ ಎದ್ದು ಹೋಗಿದ್ದರು. ಉಳಿದವರಲ್ಲಿ ಕೆಲವರು ಚೀಲ ಹಾಸಿಕೊಂಡು ಮಲಗಿದ್ದರು, ಕೆಲವರು ಮೊಬೈಲು ನೋಡುತ್ತಿದ್ದರು. ಸತ್ತು ಬಿದ್ದ ನಾಯಕನೂ ನಿಜವಾಗಿ ನಿದ್ದೆ ಹೋಗಿ ಗೊರಕೆ ಹೊಡೆಯುತ್ತಿದ್ದ.

ಇಂದುಬಾಯಿ ಹಲಗೆಯ ಮೇಲೆ ಕಾಲಿಟ್ಟು ಹಾಡಿದರು. ದನಿ ಮೊದಲಿನಷ್ಟು ಮೇಲೆ ಹೋಗಲಿಲ್ಲ. ಮೇಲೆ ಹೋಗದ ಕಡೆ ಆಕೆ ಅದನ್ನು ಮಾತಿನ ಹಾಗೆ ಇಳಿಸಿದರು. ನಿಜವಾಗಿಯೂ ಕೂಸಿಗೆ ಹೇಳಿದ ಹಾಗೆ. ಇಷ್ಟು ವರ್ಷದಲ್ಲಿ ಹಾಗೆ ಕೇಳಿರಲಿಲ್ಲ ನಾನು. ಹಾಡು ಮುಗಿಯಿತು. ಯಾರೂ ಕೂಗಲಿಲ್ಲ. ಯಾರೋ ಮೈಮುರಿದರು. ಹುಸೇನಸಾಬ ತಬಲಾದ ಮೇಲಿಂದ ಕೈ ತೆಗೆದ.

ನನಗೇನಾಯಿತೋ ಗೊತ್ತಿಲ್ಲ. ಗಾಳಿ ತುಂಬಿ ಕೆಳಗಿನ ಸಾ ಒತ್ತಿದೆ. ಎರಡು ಸಲ.

ಇಂದುಬಾಯಿ ನನ್ನ ಕಡೆ ತಿರುಗಿ ನೋಡಿದರು. ಆ ನೋಟದ ಅರ್ಥ ನನಗೆ ಆಗಲಿಲ್ಲ. ಮತ್ತೆ ಮೊದಲಿನಿಂದ ಹಾಡಿದರು, ಇನ್ನೂ ನಿಧಾನವಾಗಿ. ಮೊಬೈಲು ನೋಡುತ್ತಿದ್ದವರು ಇದ್ಯಾಕೆ ಎರಡನೆಯ ಸಲ ಎಂದು ಒಮ್ಮೆ ತಲೆಯೆತ್ತಿ ಮತ್ತೆ ಬಗ್ಗಿಸಿದರು.

ಮರಳಿ ಬರುವಾಗ ಜೀಪಿನ ಮುಂದಿನ ಸೀಟಿನಲ್ಲಿ ಹುಸೇನಸಾಬ ತೂಕಡಿಸುತ್ತಿದ್ದ. ಹಿಂದೆ ನಾವಿಬ್ಬರು, ನಡುವೆ ಆಕೆಯ ಟ್ರಂಕು.

"ಮಾಸ್ತರ, ಇವತ್ತ ಮಂದಿ ಒನ್ಸ್ ಮೋರ್ ಅಂದ್ರೇನ್ರಿ?" ಎಂದರು.

ಆಕೆಗೆ ತುಟಿ ಕಾಣುವ ಹಾಗೆ ತಿರುಗಿ ಹೇಳಿದೆ: "ಹೌದ್ರಿ ಬಾಯಾರ. ಭಾಳ ಜೋರ ಒದರಿದ್ರು."

ಆಕೆ ನಕ್ಕರು. "ನನ್ನ ಕಿವಿ ಹೋಗ್ಯಾವ್ರಿ, ಕಣ್ಣ ಹೋಗಿಲ್ಲ. ಬೆಳಕ ಹರದಿತ್ತಲಾ. ಎಲ್ಲಾ ಕಾಣತಿತ್ತು. ಒಬ್ಬರದೂ ಬಾಯಿ ತೆರದಿದ್ದಿಲ್ಲ."

"ಮತ್ತ ಯಾಕ ಹಾಡಿದ್ರಿ?" ಎಂದೆ.

"ನೀವು ಅಂದ್ರೆಲ್ಲ."

ನಾನು ಮುಖ ತಿರುಗಿಸಿ ಹೊರಗಿನ ಕಬ್ಬಿನ ಗದ್ದೆ ನೋಡುತ್ತ ಕೂತೆ. ಕಣ್ಣು ತುಂಬಿ ಏನೂ ಕಾಣಲಿಲ್ಲ. ಏನೋ ಹೇಳಬೇಕೆನಿಸಿ ಅಲ್ಲಿಂದಲೇ ಹೇಳಿಯೂ ಬಿಟ್ಟೆ. ಆಮೇಲೆ ನೆನಪಾಯಿತು, ಹೀಗೆ ಮುಖ ತಿರುಗಿಸಿಕೊಂಡು ಹೇಳಿದರೆ ಆಕೆಗೆ ತಿಳಿಯುವುದಿಲ್ಲ. ಆಕೆಯ ಕಡೆ ತಿರುಗಿ, ಕಣ್ಣು ಒರೆಸಿಕೊಂಡು, ತುಟಿ ಚೆನ್ನಾಗಿ ಕಾಣುವ ಹಾಗೆ ಇನ್ನೊಮ್ಮೆ ಹೇಳಿದೆ.

"ಭಾಳ ಚಲೋ ಹಾಡಿದ್ರಿ ಬಾಯಾರ."